ನಾಲ್ಕು ಮನೆ, ಆರು ಅವಕಾಶ: ನಮ್ಮ ಓಣಿಯ ಹುಡುಗ ಮಾಡಿದ ಪದದಾಟ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಅರ್ಜಿ, ಜಾತ್ರೆಯ ಕರಪತ್ರ, ಬಾಡಿಗೆ ಕರಾರು ಅಂತ ದಿನವಿಡೀ ಕನ್ನಡ ಟೈಪ್ ಮಾಡುವುದೇ ಕೆಲಸ. ಎರಡು ತಿಂಗಳ ಹಿಂದೆ ನಮ್ಮ ಓಣಿಯ ಎಂಜಿನಿಯರಿಂಗ್ ಓದುವ ಹುಡುಗ ಬಂದು ಫೋನಿಗೆ ಒಂದು ಲಿಂಕ್ ಕಳಿಸಿದ. "ಅಕ್ಕಾ, ದಿನಾ ಒಂದು ಪದ ಹುಡುಕೋ ಆಟ ಮಾಡೀನಿ. ಆಡಿ ನೋಡ್ರಿ, ತಪ್ಪಿದ್ರ ಹೇಳ್ರಿ" ಅಂದ. ಆಟಕ್ಕೆ ಇನ್ನೂ ಹೆಸರಿಟ್ಟಿಲ್ಲ. ನಾನು ಮಾತ್ರ ಅವತ್ತಿನಿಂದ ಒಂದು ದಿನವೂ ಬಿಟ್ಟಿಲ್ಲ.

ಮೂಲ ಆಟ ಬಹಳ ಜನರಿಗೆ ಗೊತ್ತು. ಜೋಶ್ ವಾರ್ಡಲ್ ಎಂಬುವರು ತಮ್ಮ ಸಂಗಾತಿ ಪಲಕ್ ಶಾ ಅವರಿಗಾಗಿ ಮಾಡಿದ ವರ್ಡಲ್. 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ಸಿಕ್ಕಿತು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಅಲ್ಲಿ ಇಂಗ್ಲಿಷಿನ ಐದು ಅಕ್ಷರ. ನಮ್ಮ ಹುಡುಗನ ಆಟದಲ್ಲಿ ಕನ್ನಡದ ನಾಲ್ಕು ಅಕ್ಷರ, ಅಂದರೆ ನಾಲ್ಕು ಮನೆ. ಅವಕಾಶ ಅಲ್ಲಿಯಂತೆ ಆರು. ಅಕ್ಷರವೂ ಜಾಗವೂ ಸರಿಯಿದ್ದರೆ ಹಸಿರು, ಅಕ್ಷರ ಬೇರೆ ಮನೆಯಲ್ಲಿದ್ದರೆ ಹಳದಿ, ಇಲ್ಲವೇ ಇಲ್ಲ ಅಂದರೆ ಬೂದು. ರಾತ್ರಿ 12ಕ್ಕೆ ಹೊಸ ಪದ. ಎಲ್ಲರಿಗೂ ಅದೇ ಪದ.

ಕೇಳಲು ಸುಲಭ, ಆದರೆ ಕನ್ನಡದಲ್ಲಿ "ಅಕ್ಷರ" ಅಂದರೆ ಏನು ಅಂತ ಮೊದಲು ತೀರ್ಮಾನ ಆಗಬೇಕು. ನಮ್ಮೂರಿನ ಹೆಸರನ್ನೇ ತಗೊಳ್ಳಿ. ಕ, ಲ, ಬು, ರ, ಗಿ. ನಮಗೆ ಐದು. ಕಂಪ್ಯೂಟರ್ ಕೊಂಬು, ಗುಡಿಸನ್ನು ಬೇರೆ ಬೇರೆ ಎಣಿಸಿ ಏಳು ಅನ್ನುತ್ತದೆ. "ಸ್ತ್ರೀ" ನಮಗೆ ಒಂದೇ ಅಕ್ಷರ, ಅದಕ್ಕೆ ಆರು. ಹುಡುಗ ಮೊದಲು ತೋರಿಸಿದ ಆಟದಲ್ಲಿ ಗುಣಿತದ ಚಿಹ್ನೆಗಳು ಚುಕ್ಕಿಗಳ ಸುತ್ತಿನ ಮೇಲೆ ಒಂಟಿಯಾಗಿ ಒಂದೊಂದು ಮನೆಯಲ್ಲಿ ಕೂತಿದ್ದವು. ನೋಡಿ ನನಗೆ ಸಂಕಟವಾಯಿತು. ಮಗುವಿಗೆ ಕಾಗುಣಿತ ಕಲಿಸುವಾಗ ನಾವು ಕೊಂಬನ್ನು ಬೇರೆ ಅಕ್ಷರ ಅಂತ ಹೇಳಿಕೊಡ್ತೀವಾ? ಹೇಳಿದ ವಾರದಲ್ಲೇ ಸರಿ ಮಾಡಿದ. ಈಗ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಒತ್ತಿನ ಸಮೇತ.

ಇನ್ನೊಂದು ಬಣ್ಣವನ್ನು ಅವನೇ ಸೇರಿಸಿದ್ದಾನೆ, ನೀಲಿ. ಜಾಗ ಸರಿ, ವ್ಯಂಜನವೂ ಸರಿ, ಗುಣಿತ ಮಾತ್ರ ಬೇರೆ ಅಂದರೆ ನೀಲಿ. ಈ ಆಟ ನನಗೆ ಇಷ್ಟವಾಗಿದ್ದೇ ಇದರಿಂದ. ಒಂದು ದಿನ ನಾನು ಮೊದಲು "ಸಡಗರ" ಹಾಕಿದೆ. ಸ ಬೂದು. ಡ ನೀಲಿ. ಗ ಹಳದಿ. ರ ಬೂದು. ಅಂದರೆ ಎರಡನೇ ಮನೆಯಲ್ಲಿ ಡಾ, ಡಿ, ಡು, ಡೆ ಏನೋ ಒಂದಿದೆ, ಗ ಮೂರನೆಯದರಲ್ಲಿ ಇಲ್ಲ. ರ ಇಲ್ಲ ಅಂತ ಗೊತ್ತಿದ್ದರೂ ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡೋಣ ಅಂತ "ಗಡಿಯಾರ" ಹಾಕಿದೆ. ಗ, ಡಿ ಎರಡೂ ಹಸಿರು! ಗ, ಡಿ, ಆಮೇಲೆ ಎರಡು ಖಾಲಿ ಮನೆ. ಕೈಯಲ್ಲಿ ಚಹಾ ಹಿಡಿದುಕೊಂಡು ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದೆ, ಥಟ್ಟನೆ ಬಂತು: "ಗಡಿಬಿಡಿ". ನೀಲಿ ಇಲ್ಲದಿದ್ದರೆ ಡ ಬೂದಾಗುತ್ತಿತ್ತು, ನಾನು ಅದನ್ನು ಅಲ್ಲಿಗೇ ಕೈಬಿಡುತ್ತಿದ್ದೆ.

ಅರ್ಕಾವತ್ತಿನಲ್ಲಿ ಮಾತ್ರ ಇದೇ ನೀಲಿ ಎಡವುತ್ತದೆ. ಒಮ್ಮೆ ಉತ್ತರ "ಮಾರ್ಗದರ್ಶಿ" ಇತ್ತು. ನಾನು "ನಾಗರಿಕ" ಹಾಕಿದ್ದೆ. ಎರಡನೇ ಮನೆಯ ಗ ಬೂದಾಯಿತು. ಬರೆದಾಗ ಕಣ್ಣಿಗೆ ಮೊದಲು ಕಾಣುವುದು ಗ, ಅರ್ಕಾವತ್ತು ಅದರ ಪಕ್ಕ. ಆದರೆ ಆಟ ಉಚ್ಚಾರದ ಲೆಕ್ಕದಲ್ಲಿ ರ ಅನ್ನೇ ಮೊದಲ ವ್ಯಂಜನ ಅಂತ ಹಿಡಿಯುತ್ತದೆ. ಆಡುವವರಿಗೆ ಇದು ಅನ್ಯಾಯ. ಒತ್ತಕ್ಷರದಲ್ಲಿರುವ ಯಾವ ವ್ಯಂಜನ ಹೊಂದಿದರೂ ನೀಲಿ ಕೊಡಬೇಕು ಅಂತ ನಾನು ಹೇಳುತ್ತಲೇ ಇದ್ದೇನೆ.

ದೊಡ್ಡ ತಕರಾರು ಪದಪಟ್ಟಿಯದು. ಮೊದಲ ವಾರದಲ್ಲೇ "ಉಳ್ಳಾಗಡ್ಡಿ" ಹಾಕಿದೆ, "ಈ ಪದ ಪಟ್ಟಿಯಲ್ಲಿ ಇಲ್ಲ" ಅಂತ ಬಂತು. ಕಣ್ಣಿ ಮಾರ್ಕೆಟಿನಲ್ಲಿ ನಿಂತು ಈರುಳ್ಳಿ ಅನ್ನುವವರು ಎಷ್ಟು ಜನ? "ಆಲೂಗಡ್ಡೆ" ಒಪ್ಪಿಕೊಳ್ಳುವ ಆಟ "ಆಲೂಗಡ್ಡಿ"ಯನ್ನು ಹೊರಗಿಟ್ಟಿತ್ತು. ನಮ್ಮೂರಲ್ಲೇ ಹುಟ್ಟಿದ ಆಟ ನಮ್ಮ ಮಾತನ್ನು ತಪ್ಪು ಅಂದರೆ ಮನಸ್ಸಿಗೆ ನೋವಾಗುತ್ತದೆ. ಎಲ್ಲಿಂದಲೋ ಸಿಕ್ಕ ಪಟ್ಟಿಯನ್ನು ಹಾಗೇ ಹಾಕಿದ್ದನಂತೆ. ವರ್ಡಲ್ ಮಾಡಿದಾಗ ಪಲಕ್ ಶಾ ಸುಮಾರು 12 ಸಾವಿರ ಪದಗಳನ್ನು ಒಂದೊಂದಾಗಿ ನೋಡಿ, ಜನರಿಗೆ ಗೊತ್ತಿರುವ ಸುಮಾರು 2,500 ಮಾತ್ರ ಉತ್ತರಕ್ಕೆ ಆರಿಸಿದರು. ಉತ್ತರದ ಪಟ್ಟಿ ಚಿಕ್ಕದು, ಊಹೆಗೆ ಒಪ್ಪುವ ಪಟ್ಟಿ ದೊಡ್ಡದು. ನಮಗೂ ಅದೇ ಬೇಕು. ಉಳ್ಳಾಗಡ್ಡಿ ಉತ್ತರವಾಗಿ ಬಂದರೆ ಮೈಸೂರಿನವರಿಗೆ ಕಷ್ಟ, ಒಪ್ಪುತ್ತೇನೆ. ಆದರೆ ನಾನು ಹಾಕಿದಾಗ ಆಟ ಅದನ್ನು ತಗೊಳ್ಳಬೇಕು ಅಲ್ವಾ? ಈಗ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಇಂಥ ಪದ ಬರೆದು ಕೊಡುತ್ತಿದ್ದೇನೆ. ಅಂಗಡಿಗೆ ಬರುವವರು ಚಿಂಚೋಳಿ, ಸೇಡಂ, ಜೇವರ್ಗಿ ಕಡೆಯವರು. ಅವರ ಮಾತು ಕೇಳಿಯೇ ಎರಡು ಪುಟ ತುಂಬಿದೆ.

"ಮನೆಯಿಂದ", "ಮನೆಯಲ್ಲಿ" ಥರದವು ನಡೆಯುವುದಿಲ್ಲ. ಅದು ಸರಿಯಾದ ನಿಯಮ. ಪ್ರತ್ಯಯ ಹಚ್ಚಿದ್ದನ್ನೆಲ್ಲ ಒಪ್ಪಿದರೆ ಕನ್ನಡದಲ್ಲಿ ಪಟ್ಟಿಗೆ ಕೊನೆಯೇ ಇರುವುದಿಲ್ಲ.

ಕೀಬೋರ್ಡ್ ಚೆನ್ನಾಗಿದೆ. ಕನ್ನಡ ಟೈಪಿಂಗ್ ತಂತ್ರಾಂಶ "ನುಡಿ"ಯಲ್ಲಿ ಒತ್ತಿಗೆ ಎಫ್ ಒತ್ತಿ ರೂಢಿಯಾದ ನನಗೂ ಒಂದೇ ದಿನದಲ್ಲಿ ಹೊಂದಿಕೆಯಾಯಿತು. ಆದರೆ ನನ್ನ ಹಳೆಯ ಫೋನಿನಲ್ಲಿ ಮನೆಯ ಕೆಳಗಿನ ಗೆರೆ ಒತ್ತನ್ನು ಕತ್ತರಿಸುತ್ತದೆ. "ಳ್ಳಾ"ದ ಕೆಳಗಿನ ಳ ಅರ್ಧ ಮಾತ್ರ ಕಾಣುತ್ತದೆ. ಮದುವೆ ಕಾರ್ಡಿನಲ್ಲಿ ಹೀಗಾದರೆ ಗಿರಾಕಿ ಕಾರ್ಡು ವಾಪಸ್ ಕೊಡುತ್ತಾರೆ. ಕನ್ನಡಕ್ಕೆ ಕೆಳಗೆ ಜಾಗ ಜಾಸ್ತಿ ಬೇಕು, ಇಂಗ್ಲಿಷಿನ ಅಳತೆ ಸಾಲುವುದಿಲ್ಲ.

ದುಡ್ಡಿಲ್ಲ, ಜಾಹೀರಾತಿಲ್ಲ, ಲಾಗಿನ್ ಇಲ್ಲ. ಮುಗಿದ ಮೇಲೆ ಬಣ್ಣದ ಚೌಕಗಳನ್ನಷ್ಟೇ ವಾಟ್ಸಾಪಿಗೆ ಕಳಿಸಬಹುದು, ಉತ್ತರ ಬಯಲಾಗುವುದಿಲ್ಲ. ಹುಮನಾಬಾದಿನಲ್ಲಿರುವ ನಮ್ಮ ಅಕ್ಕ ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿದ ಕೂಡಲೇ ಕಳಿಸುತ್ತಾಳೆ. ನಾನು ಶಟರ್ ಎತ್ತಿ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಆಡುತ್ತೇನೆ. ಮೊದಲು ತಿಂಗಳಿಗೊಮ್ಮೆ ಮಾತಾಡುತ್ತಿದ್ದೆವು, ಈಗ ದಿನಾ ಫೋನು.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒತ್ತು ಪೂರ್ತಿ ಕಂಡ ದಿನ, ಅರ್ಕಾವತ್ತಿಗೆ ನೀಲಿ ಬಂದ ದಿನ ಐದನೆಯದನ್ನೂ ಕೊಡುತ್ತೇನೆ. ನೋಟ್‌ಬುಕ್ಕಿನ ಮೂರನೇ ಪುಟ ನಾಳೆ ಕೊಡಬೇಕು.