29 ಅಂದರೆ ಚಕ್ರದ ಅಳತೆ, ನಿಮ್ಮ ಅಳತೆ ಅಲ್ಲ: ಸೈಕಲ್ ತೆಗೆಯುವ ಮೊದಲು ಓದಿ

ಕಾಸರಗೋಡು, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರು ಯಾರಾದರೂ ಸೈಕಲ್ ತೆಗೆಯಲಿಕ್ಕೆ ಹೊರಟಿದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಹೋಗಿ. 17,800 ರೂಪಾಯಿ ಕೊಟ್ಟು ನನಗೆ ಆಗದ ಸೈಕಲೊಂದನ್ನು ಜಗಲಿಯಲ್ಲಿ ನಿಲ್ಲಿಸಿಕೊಂಡು ಕೂತಿದ್ದೇನೆ. ಒಂದು ತಿಂಗಳಿಗಿಂತ ಹೆಚ್ಚಾಯಿತು, ಶಾಲೆಯಲ್ಲಿ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ. ಹೇಳಲಿಕ್ಕೆ ನಾಚಿಕೆ. ಐದನೇ ಕ್ಲಾಸಿನ ಮಕ್ಕಳ ಕೈಗೆ ಸ್ಕೇಲು ಕೊಟ್ಟು ಅಳತೆ ಕಲಿಸುವವನು ನಾನು. ಬೆಂಚು ಅಳೆಸುತ್ತೇನೆ, ಬಾಗಿಲು ಅಳೆಸುತ್ತೇನೆ. ನಾನು ದಿನಾ ತುಳಿಯಬೇಕಾದ ಸೈಕಲನ್ನು ಮಾತ್ರ ಅಳೆಯಲಿಲ್ಲ.

ವಿಷಯ ಇಷ್ಟು. ನನಗೆ 46 ವರ್ಷ. ಶುಗರ್ ಗಡಿಯಲ್ಲಿ ಉಂಟು, ನಡೆಯಿರಿ ಇಲ್ಲವೇ ಸೈಕಲ್ ತುಳಿಯಿರಿ ಅಂತ ಡಾಕ್ಟರು ಹೇಳಿದ್ದರು. ನೀರ್ಚಾಲಿನ ಹತ್ತಿರದ ನಮ್ಮ ಮನೆಯಿಂದ ಶಾಲೆಗೆ ನಾಲ್ಕೂವರೆ ಕಿಲೋಮೀಟರು. 2025ರ ಸೆಪ್ಟೆಂಬರ್ 22ರಿಂದ ಸೈಕಲಿನ ಜಿಎಸ್‌ಟಿ 12ರಿಂದ 5 ಶೇಕಡಕ್ಕೆ ಇಳಿಯಿತಲ್ಲ, ಅದೂ ಒಂದು ನೆಪ ಆಯಿತು. ದೀಪಾವಳಿ ಕಳೆದ ಶನಿವಾರ ಕಾಸರಗೋಡು ಪೇಟೆಯ ಒಂದು ಅಂಗಡಿಗೆ ಹೋದೆ. ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ, ಕೇಳಬೇಡಿ.

ಅಲ್ಲಿ ಕೆಂಪು ಬಣ್ಣದ ಗೇರ್ ಸೈಕಲ್ ಒಂದು ನಿಲ್ಲಿಸಿದ್ದರು. ಹತ್ತಿ ಕೂತೆ. ಇಳಿದು ಅಡ್ಡ ಪೈಪಿನ ಆಚೀಚೆ ಕಾಲು ಹಾಕಿ ನಿಂತೆ, ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಿತು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಆ ಕೆಂಪು ಸೈಕಲ್ ನನಗೆ ಆಗುತ್ತಿತ್ತು. ಅಂಗಳದಲ್ಲಿ ಒಂದು ಸುತ್ತು ಹೊಡೆದೆ. ರಸ್ತೆಗೆ ಇಳಿಸೋಣ ಅಂದರೆ ಮಧ್ಯಾಹ್ನದ ಗುಡುಗು ಮಳೆ ಶುರುವಾಗಿತ್ತು, ಮುಂದೆ ಹೈವೇ ಕೆಲಸದ ಕೆಸರು. ಸಾಕು ಅನಿಸಿತು.

ಆದರೆ ಕೆಂಪು ಬೇಡ, ಕಪ್ಪು ಬೇಕು ಅಂದೆ. ಅಲ್ಲಿಂದಲೇ ಎಡವಟ್ಟು.

"ಕಪ್ಪು ಗೋಡೌನಿನಲ್ಲಿ ಉಂಟು ಮಾಷೇ. ಮಂಗಳವಾರ ಮನೆಗೇ ಕಳಿಸ್ತೇವೆ." ಮಾಷ್ ಅಂದರೆ ಮಲಯಾಳದಲ್ಲಿ ಮೇಷ್ಟ್ರು.

"ಇದೇ ತಾನೇ? ಇದೇ ಸೈಸು?"

"ಇದೇ ಮಾಷೇ. 29."

ದುಡ್ಡು ಕೊಡುವ ಮೊದಲು ಇನ್ನೊಮ್ಮೆ ಕೇಳಿದೆ. "29 ಅಲ್ಲವಾ?" "29 ಟಿ ಮಾಷೇ, ಬಿಲ್ಲಲ್ಲಿ ಬರೆದು ಕೊಡ್ತೇನೆ." ಬರೆದೂ ಕೊಟ್ಟರು. ಮಾಡೆಲಿನ ಹೆಸರು, ಕಪ್ಪು, 29 ಟಿ. ನಾನು ಓದಿ ನೋಡಿ ಬಿಲ್ಲನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ಎರಡು ಸಲ ಕೇಳಿದ್ದೇನೆ, ಬಿಲ್ಲೂ ನೋಡಿದ್ದೇನೆ, ಇನ್ನೇನು ಬೇಕು ಅಂತ ಸಮಾಧಾನವಾಯಿತು. ಪೂರ್ತಿ ದುಡ್ಡು ಗೂಗಲ್ ಪೇ ಮಾಡಿದೆ.

29 ಟಿ ಅಂದರೆ ಚಕ್ರ! ಚಕ್ರದ ಅಳತೆ ಮಾತ್ರ. ಅದೇ ಮಾಡೆಲಿನ ಸಣ್ಣ ಫ್ರೇಮಿಗೂ 29ರ ಚಕ್ರ, ಮಧ್ಯಮಕ್ಕೂ 29, ದೊಡ್ಡದಕ್ಕೂ 29. ಫ್ರೇಮಿನ ಅಳತೆಯೇ ಬೇರೆ. ಪೆಡಲ್ ಕೂರಿಸಿದ ದಂಡ, ಅಂದರೆ ಕ್ರ್ಯಾಂಕು, ತಿರುಗುವ ನಡುಮಧ್ಯದಿಂದ ಸೀಟಿನ ಕೊಳವೆಯ ಮೇಲ್ತುದಿವರೆಗೆ ಅಳೆದು 15, 17, 19 ಇಂಚು ಅಂತಲೋ, ಎಸ್, ಎಂ, ಎಲ್ ಅಂತಲೋ ಬರೆಯುತ್ತಾರೆ. ನಾನು "ಸೈಸು" ಅಂತ ಕೇಳಿದೆ, ಅವರು ಚಕ್ರದ ನಂಬ್ರ ಹೇಳಿದರು. ಸುಳ್ಳು ಹೇಳಲಿಲ್ಲ. ಅದೇ ನನಗೆ ಈಗಲೂ ಉರಿಯುವುದು, ಒಂದೇ ಒಂದು ಸುಳ್ಳು ಹೇಳದೆ ನನ್ನನ್ನು ಬೀಳಿಸಿದರು.

ನನ್ನ ವಯಸ್ಸಿನವರಿಗೆ ಈ ತಪ್ಪು ಆಗುವುದಕ್ಕೆ ಒಂದು ಕಾರಣವೂ ಉಂಟು. ನಾವು ಸೈಕಲ್ ಕಲಿತದ್ದು ಅಪ್ಪನ ಕಪ್ಪು ಸೈಕಲಿನಲ್ಲಿ, ಒಳಪೆಡಲ್ ಹೊಡೆದು. ಆಗ ಬಾಡಿಗೆ ಅಂಗಡಿಯಲ್ಲಿ 22 ಬೇಕಾ 24 ಬೇಕಾ ಅಂತ ಕೇಳುತ್ತಿದ್ದರು. ಅದು ಫ್ರೇಮಿನ ಲೆಕ್ಕ. ಚಕ್ರ ಎರಡಕ್ಕೂ 28 ಇಂಚು, ಅದನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಈಗ ಅಂಗಡಿಯವರು ಬಾಯಿಬಿಟ್ಟರೆ 26 ಟಿ, 27.5 ಟಿ, 29 ಟಿ. ನಾವು ಹಳೆಯ ನೆನಪಿನಲ್ಲಿ ಅದೇ ಸೈಸು ಅಂದುಕೊಳ್ಳುತ್ತೇವೆ. ದಿನಾ ಹತ್ತು ಸೈಕಲ್ ಮಾರುವವನಿಗೆ ಇದು ಗೊತ್ತಿರುವುದಿಲ್ಲವಾ?

ಮಂಗಳವಾರ ಸಂಜೆ ಗೂಡ್ಸ್ ರಿಕ್ಷಾದಲ್ಲಿ ಬಂತು. ಹುಡುಗ ಇಳಿಸಿ, ಸಹಿ ಹಾಕಿಸಿಕೊಂಡು, ಬ್ರೇಕು ಒಮ್ಮೆ ಒತ್ತಿ ತೋರಿಸಿ ಹೋದ. ಹತ್ತಿ ನೋಡಿದೆ. ನಿಲ್ಲಿಸುವಾಗ ಸೈಕಲನ್ನು ಓರೆ ಮಾಡಿದರೆ ಮಾತ್ರ ಒಂದು ಕಾಲು ನೆಲಕ್ಕೆ ತಾಗುತ್ತಿತ್ತು. ಹ್ಯಾಂಡಲ್ ಹಿಡಿಯಲಿಕ್ಕೆ ತುಂಬಾ ಮುಂದೆ ಬಾಗಬೇಕಿತ್ತು. ಅಂಗಡಿಯಲ್ಲಿ ಹೀಗೆ ಇರಲಿಲ್ಲವಲ್ಲ ಅನಿಸಿತು. ಫೋನ್ ಮಾಡಿದೆ.

"ಹೊಸತಲ್ಲವಾ ಮಾಷೇ. ಶೀಲಮಾಯ್ಕೋಳುಂ."

ಮಲಯಾಳದಲ್ಲಿ ಶೀಲ ಅಂದರೆ ಅಭ್ಯಾಸ. ಅಭ್ಯಾಸ ಆಗುತ್ತದೆ ಅಂತ. ನಾನೂ ನಂಬಿದೆ. ಗೇರ್ ಸೈಕಲ್ ತುಳಿದು ಗೊತ್ತಿಲ್ಲ, ಇದು ಹೀಗೇ ಇರಬೇಕು ಅಂದುಕೊಂಡೆ.

ಒಂದು ವಾರದಲ್ಲಿ ಕುತ್ತಿಗೆ, ಭುಜ ಹಿಡಿದುಕೊಂಡಿತು. ಎರಡನೇ ವಾರ ಬಲಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯಲಿಕ್ಕೆ ಶುರು. ಬೋರ್ಡಿನಲ್ಲಿ ಬರೆಯುವಾಗ ಚಾಕ್ ಪೀಸ್ ಕೈಯಿಂದ ಜಾರಿ ಬಿತ್ತು. ಡಾಕ್ಟರಿಗೆ ತೋರಿಸಿದರೆ, ಹ್ಯಾಂಡಲ್ ಮೇಲೆ ಮೈಭಾರ ಎಲ್ಲಾ ಬಿದ್ದು ಅಂಗೈ ಬುಡದಲ್ಲಿ ಹೋಗುವ ನರ ಒತ್ತುತ್ತಾ ಉಂಟು, ಸೈಕಲ್ ಸರಿ ಮಾಡಿಸಿ ಅಂದರು. ಸೈಕಲ್ ತುಳಿಯಿರಿ ಅಂದವರೂ ಅವರೇ.

ಆಮೇಲೆ ಬಿದ್ದೆ. ಶಾಲೆ ಬಿಟ್ಟು ಬರುವಾಗ ತಿರುವಿನಲ್ಲಿ ಎದುರಿನಿಂದ ಬಸ್ಸು, ಬದಿಗೆ ಸರಿದು ನಿಲ್ಲಿಸಿದೆ. ಟಾರಿನ ಅಂಚಿನಲ್ಲಿ ಮಳೆನೀರು ಮಣ್ಣು ಕೊಚ್ಚಿಕೊಂಡು ಹೋಗಿ ಅರ್ಧ ಅಡಿ ತಗ್ಗಾಗಿತ್ತು. ಎಡಗಾಲು ಊರಲಿಕ್ಕೆ ಹೋದರೆ ನೆಲ ಸಿಗಲಿಲ್ಲ. ಸೈಕಲ್ ಸಮೇತ ಬದಿಯ ಚರಂಡಿಗೆ. ಮೊಣಕೈ ತರಚಿತು, ಅಡ್ಡ ಪೈಪು ಎಲ್ಲಿಗೆ ತಾಗಿತು ಅಂತ ಇಲ್ಲಿ ಬರೆಯುವುದಿಲ್ಲ. ಬಸ್ಸು ಇನ್ನೂ ಒಂದು ಮೊಳ ಈಚೆ ಬಂದಿದ್ದರೆ ಇದನ್ನು ಬರೆಯಲಿಕ್ಕೆ ನಾನು ಇರುತ್ತಿರಲಿಲ್ಲ. ನನ್ನ ಕ್ಲಾಸಿನ ಇಬ್ಬರು ಮಕ್ಕಳು ಓಡಿ ಬಂದು ಎತ್ತಿದರು.

ಆ ಭಾನುವಾರ ಮಂಗಳೂರಿನಲ್ಲಿ ಓದುವ ಅಕ್ಕನ ಮಗ ಬಂದಿದ್ದ. ಅವನಿಗೆ ಸೈಕಲ್ ಅಂದರೆ ಪ್ರಾಣ. ನೋಡಿದ ಕೂಡಲೇ ಕೇಳಿದ, "ಮಾವ, ಇದು ಯಾರಿಗೆ ತಂದದ್ದು?"

ನನಗೆ ಅಂದೆ. ಅವನು ಮಾತಾಡಲಿಲ್ಲ. ಕೂತು, ಕ್ರ್ಯಾಂಕಿನ ಹತ್ತಿರ ಸೀಟಿನ ಕೊಳವೆಯ ಕೆಳಗೆ ಅಂಟಿದ ಕೆಸರನ್ನು ಬೆರಳಿನಲ್ಲಿ ಉಜ್ಜಿದ. ಸಣ್ಣ ಚೀಟಿ. "ಎಲ್, 19." ನನ್ನನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಕಾಲುಗಳ ನಡುವೆ ದಪ್ಪ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿ ಹಿಡಿಸಿ, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿದ. 74 ಸೆಂಟಿಮೀಟರ್. ಸೈಕಲಿನ ಅಡ್ಡ ಪೈಪು ನೆಲದಿಂದ 79. "ಇಂಥ ಸೈಕಲಿಗೆ ಪೈಪು ನಿಮ್ಮ ಕಾಲಿಗಿಂತ ನಾಲ್ಕೈದು ಸೆಂಟಿಮೀಟರ್ ಕೆಳಗೆ ಇರಬೇಕು ಮಾವ. ಇದು ಐದು ಮೇಲೆ ಉಂಟು. ನೀವು ಐದಡಿ ನಾಲ್ಕಿಂಚು, ಲಾರ್ಜ್ ಯಾಕೆ ತೆಗೆದದ್ದು?"

ತೆಗೆದದ್ದು ನಾನಲ್ಲ! ನಾನು ಕೂತು ನೋಡಿದ್ದು ಕೆಂಪು. ಕೆಂಪು ಮೀಡಿಯಂ ಆಗಿತ್ತು, ನನಗೆ ಆಗುತ್ತಿತ್ತು. ಕಪ್ಪು ಅಂತ ಕಳಿಸಿದ್ದು ಬೇರೆ ಸೈಕಲ್. ನನಗೆ ಕೂಡಲೇ ನೆನಪಾದದ್ದು "ಇದೇ ಮಾಷೇ" ಅಂದದ್ದು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಸೋಮವಾರ ಅಂಗಡಿಗೆ ಹೋದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನಿಮಗೂ ಇದನ್ನೇ ಹೇಳುತ್ತಾರೆ.

ಮೊದಲು, "ಕುಳಪ್ಪಮಿಲ್ಲ ಮಾಷೇ, ಸೀಟು ಇಳಿಸಿದರೆ ಆಯಿತು." ಕುಳಪ್ಪಮಿಲ್ಲ ಅಂದರೆ ತೊಂದರೆ ಇಲ್ಲ ಅಂತ. ಸೀಟು ಇಳಿಸಿದರು. ಸೀಟು ಇಳಿದರೆ ಅಡ್ಡ ಪೈಪು ಇಳಿಯುತ್ತದಾ? ಹ್ಯಾಂಡಲ್ ಹತ್ತಿರ ಬರುತ್ತದಾ? ಮೊಣಕಾಲು ಇನ್ನೂ ಮಡಚಿಕೊಂಡಿತು, ಅಷ್ಟೇ.

ಆಮೇಲೆ, "ಸೀಟು ಮುಂದೆ ತಳ್ಳೋಣ." ತಳ್ಳಿದರು.

ಆಮೇಲೆ, "ಸ್ಟೆಮ್ ಬದಲಿಸುವ, ಗಿಡ್ಡದ್ದು ಹಾಕುವ." ಹ್ಯಾಂಡಲನ್ನು ಮುಂದೆ ಹಿಡಿದಿಡುವ ತುಂಡು ಅದು. ಮೂರು ಸೆಂಟಿಮೀಟರ್ ಗಿಡ್ಡದ್ದು ಹಾಕಿ 650 ರೂಪಾಯಿ ತೆಗೆದುಕೊಂಡರು. ಅವರ ತಪ್ಪು ಸರಿ ಮಾಡಲಿಕ್ಕೆ ನನ್ನ ದುಡ್ಡು. ಕೊಟ್ಟೆ. ಯಾಕೆ ಕೊಟ್ಟೆನೋ ಗೊತ್ತಿಲ್ಲ, ನಾಲ್ಕು ಜನ ಗಿರಾಕಿಗಳು ನಿಂತಿದ್ದರು, ಮಾಷೇ ಮಾಷೇ ಅಂತ ಮರ್ಯಾದೆ ಕೊಟ್ಟು ಮಾತಾಡುತ್ತಿದ್ದರು, ಜಗಳ ಮಾಡಲಿಕ್ಕೆ ಬಾಯಿ ಬರಲಿಲ್ಲ. ಮನೆಗೆ ಬಂದು ತುಳಿದರೆ ಇಳಿಜಾರಿನಲ್ಲಿ ಹ್ಯಾಂಡಲ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಚೂರು ತಿರುಗಿಸಿದರೆ ಗಕ್ಕನೆ ತಿರುಗುತ್ತಿತ್ತು. ಎರಡು ದಿನದಲ್ಲಿ ಮೊಣಕಾಲಿನ ಎದುರು ಭಾಗ ನೋವು ಹತ್ತಿತು. ಪೈಪಿನ ಎತ್ತರ ಅದೇ 79.

ಪುನಃ ಹೋದೆ. ಬದಲಿಸಿ ಕೊಡಿ ಅಂದೆ. ಆಗ ಮಾಲಕ ಬಿಲ್ಲು ತೆಗೆದು ತೋರಿಸಿದ. "29 ಟಿ ಅಂತ ಉಂಟು, 29 ಟಿಯೇ ಕೊಟ್ಟಿದ್ದೇವೆ. ತುಕ್ಕು ಉಂಟಾ? ಬಿರುಕು ಉಂಟಾ? ಡ್ಯಾಮೇಜ್ ಇದ್ದರೆ ಹೇಳಿ." ಬಿಲ್ಲಿನ ಅಡಿಯಲ್ಲಿ ಮಾರಿದ ಮಾಲು ಹಿಂದೆ ತೆಗೆಯುವುದಿಲ್ಲ ಅಂತಲೂ ಉಂಟು. ನಾನು ಕೂತು ನೋಡಿದ್ದು ಮೀಡಿಯಂ ಅಲ್ಲವಾ ಅಂತ ಕೇಳಿದೆ. ಅದಕ್ಕೆ ಪಕ್ಕದಲ್ಲಿದ್ದ ಹುಡುಗ, ಪಾಪ ಬಾಯಿ ತಪ್ಪಿಯೋ ಏನೋ, "ಕಪ್ಪಿನಲ್ಲಿ ಮೀಡಿಯಂ ಅವತ್ತು ಇರಲಿಲ್ಲ ಮಾಷೇ, ಲಾರ್ಜ್ ಮಾತ್ರ ಇದ್ದದ್ದು" ಅಂದ.

ಅವತ್ತೇ ಗೊತ್ತಿತ್ತು. ನಾನು ಗೂಗಲ್ ಪೇ ಮಾಡುವಾಗಲೇ ಅವರಿಗೆ ಗೊತ್ತಿತ್ತು! ಒಂದು ಮಾತು ಹೇಳಿದ್ದರೆ ಕೆಂಪನ್ನೇ ತೆಗೆದುಕೊಂಡು ಹೋಗುತ್ತಿದ್ದೆ. ಕೆಂಪಾದರೇನು, ಹಸಿರಾದರೇನು. ಅಷ್ಟು ಹೊತ್ತು ಎಲ್ಲೋ ನನ್ನದೂ ತಪ್ಪು ಉಂಟು ಅಂದುಕೊಂಡಿದ್ದೆ. ಆ ಹುಡುಗ ಹಾಗೆ ಅಂದ ಮೇಲೆ ಕೈಕಾಲು ನಡುಗಿತು. ಮಾಲಕ ಹುಡುಗನ ಮುಖ ನೋಡಿದ, ನನ್ನ ಮುಖ ನೋಡಲಿಲ್ಲ. ಕೊನೆಗೆ, "ಮಾಷ್ ಆದ ಕಾರಣ ಹೇಳ್ತೇನೆ, ಸೆಕೆಂಡ್ ಹ್ಯಾಂಡ್ ಅಂತ 9,000ಕ್ಕೆ ತೆಗೀಬಹುದು. ಮೀಡಿಯಂ ಬೇಕಾದರೆ ಉಳಿದದ್ದು ಕೊಟ್ಟು ತೆಗೆದುಕೊಳ್ಳಿ." ತಿಂಗಳೂ ತುಂಬದ ಸೈಕಲಿಗೆ ಅರ್ಧ ಬೆಲೆ. ಅವರೇ ತಪ್ಪು ಕಳಿಸಿ, ಅವರೇ ಅರ್ಧ ಬೆಲೆ ಕಟ್ಟುವುದು.

ವಾಟ್ಸಾಪಿನಲ್ಲಿ ಟೇಪಿನ ಫೋಟೋ, ಚೀಟಿಯ ಫೋಟೋ ಎಲ್ಲಾ ಕಳಿಸಿದೆ. ಮೊದಲ ದಿನ ಕೈಮುಗಿಯುವ ಚಿತ್ರ ಬಂತು. ಆಮೇಲೆ ಎರಡು ನೀಲಿ ಗೆರೆ ಮಾತ್ರ.

ನೀವು ಹೋಗುವಾಗ ಕಾಲಿನ ಒಳ ಅಳತೆ ಮನೆಯಲ್ಲೇ ತೆಗೆದು ಬರೆದುಕೊಂಡು ಹೋಗಿ, ಟೇಪನ್ನೂ ಕಿಸೆಯಲ್ಲಿ ಇಟ್ಟುಕೊಳ್ಳಿ. ಕೂತು ನೋಡಿದ ಸೈಕಲನ್ನೇ ತನ್ನಿ. ಬಣ್ಣ ಬೇರೆ ಬೇಕಾದರೆ ಆ ಬಣ್ಣದ್ದು ಬರಲಿ, ಅದರ ಮೇಲೆ ಕೂತು, ರಸ್ತೆಯಲ್ಲಿ ಒಂದು ಏರು ಹತ್ತಿಸಿ, ಇಳಿಸಿ, ನಿಲ್ಲಿಸಿ ಕಾಲು ಊರಿ ನೋಡಿ, ಆಮೇಲೆ ದುಡ್ಡು. ಮಳೆ ಬಂದರೆ ಇನ್ನೊಂದು ದಿನ ಹೋಗಿ, ಸೈಕಲ್ ಎಲ್ಲಿಗೂ ಓಡುವುದಿಲ್ಲ. ಬಿಲ್ಲಿನಲ್ಲಿ ಫ್ರೇಮಿನ ಅಳತೆ ಬರೆಸಿ, ಬರೀ 26 ಟಿ, 29 ಟಿ ಒಪ್ಪಬೇಡಿ. ಒಂದು ಕಂಪೆನಿಯ ಮೀಡಿಯಂ ಇನ್ನೊಂದರ ಮೀಡಿಯಂ ಅಲ್ಲ, ಅದನ್ನೂ ನೆನಪಿಡಿ. ಬೆಳೆಯುವ ಮಕ್ಕಳಿಗೆ ಇರಲಿ ಅಂತ ದೊಡ್ಡ ಫ್ರೇಮು ತೆಗೆಯುವವರಿಗೂ ಹೇಳುತ್ತೇನೆ, ನಾನು ಬಿದ್ದ ಹಾಗೆ ನಿಮ್ಮ ಮಗು ಬೀಳುವುದು ಬೇಡ.

ನಾನು 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ ಅದು. ಬಿಲ್ಲು, ಚೀಟಿಯ ಫೋಟೋ, ಗೂಗಲ್ ಪೇ ರಸೀದಿ, 650ರ ಇನ್ನೊಂದು ಬಿಲ್ಲು ಎಲ್ಲಾ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಬೇಕಾದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ದೂರು ಕೊಟ್ಟ ನಾಲ್ಕನೇ ದಿನ ಮಾಲಕನೇ ಫೋನ್ ಮಾಡಿದ. "ನಮ್ಮೊಳಗೆ ಕಂಪ್ಲೇಂಟ್ ಎಲ್ಲಾ ಯಾಕೆ ಮಾಷೇ? ಮೀಡಿಯಂ ಬರ್ಲಿಕ್ಕೆ ಉಂಟು, ಶರಿಯಾಕ್ಕಾಂ." ಸರಿ ಮಾಡುವ ಅಂತ. ಮೀಡಿಯಂ ಬಂದ ದಿನ ಹೇಳಿ, ನಾನೇ ಟೇಪು ಹಿಡಿದುಕೊಂಡು ಬರುತ್ತೇನೆ, ತುಳಿದು ನೋಡದೆ ದೂರು ಹಿಂದೆ ತೆಗೆಯುವುದಿಲ್ಲ ಅಂದೆ.

ಇವತ್ತಿಗೆ ಹನ್ನೊಂದು ದಿನ. ಫೋನ್ ಬಂದಿಲ್ಲ. ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ.