ಡ್ರೈ ಬ್ಯಾಗ್: ನೀರಿಗೆ ಗಟ್ಟಿ, ಪಟ್ಟಿ ಪೊಳ್ಳು

ಅಲಾಸ್ಕಾದಲ್ಲಿರುವ ಅಕ್ಕನ ಮಗ ಸೆಪ್ಟೆಂಬರಿನಲ್ಲಿ ರಾಫ್ಟ್ ಹತ್ತಿ, ನದಿಗುಂಟ ಮೂಸ್ ಅನ್ನೋ ದೈತ್ಯ ಜಿಂಕೆಯ ಬೇಟೆಗೆ ಹೊರಟಿದ್ದಾನೆ. (ನಮ್ಮಲ್ಲಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲೇ, ಬಿಡಿ.) ಬಟ್ಟೆ, ಹಾಸಿಗೆ ನೆನೆಯದಿರಲಿ ಅಂತ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ 30 ಲೀಟರಿನ ಡ್ರೈ ಬ್ಯಾಗ್ (ನೀರು ಒಳಗಿಳಿಯದ ಚೀಲ) ತಂದೆ.

ಒಳಗೆ ಹಳೇ ಪೇಪರ್ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಮೂರು ಸುತ್ತು ಮಡಚಿ, ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಮೇಲೆ ಗುಂಡುಕಲ್ಲು ಇಟ್ಟೆ. ಬೆಳಿಗ್ಗೆ ನೋಡಿದರೆ ಪೇಪರ್ ಗರಿಗರಿ!

ಆದರೆ 20 ಕೆ.ಜಿ. ರಾಗಿ ತುಂಬಿ ಹೆಗಲಿಗೇರಿಸಿದ್ದೇ ತಡ, ಪಟ್ಟಿಯ ಹೊಲಿಗೆ ಪರಪರ ಬಿಚ್ಚಿತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಚಪ್ಪಲಿ ಹೊಲಿಯುವ ಅಜ್ಜ ಬ್ಯಾಗಿಗೆ ತೂತು ಬೀಳದ ಹಾಗೆ 40 ರೂಪಾಯಿಗೆ ಹೊಲಿದುಕೊಟ್ಟರು.

ಮಾಂಸ ಮಾತ್ರ ಇದರಲ್ಲಿ ತುಂಬಬೇಡ ಅಂದಿದ್ದೇನೆ. ಗಾಳಿಯಾಡದೆ ಕೆಡುತ್ತದೆ, ಅದಕ್ಕೆ ಬಟ್ಟೆಚೀಲವೇ ಸರಿ. ದೊಡ್ಡ ಗಂಡು ಮೂಸ್ ಅಂದರೆ 200 ಕೆ.ಜಿ.ಗೂ ಜಾಸ್ತಿ ಮಾಂಸ, ಸುಮ್ನೆ ಅಲ್ಲ!