ಕೆಂಪಗೆ ಕಾದ ಸೌದೆ ಒಲೆಯನ್ನು ಮರುದಿನವೇ ಹಚ್ಚಿ ನಾನು ಮಾಡಿಕೊಂಡ ಎಡವಟ್ಟು

ನಮ್ಮದು ಗಾಜಿನ ಬಾಗಿಲು ಮುಚ್ಚಿ ಉರಿಸುವ ಎರಕದ ಕಬ್ಬಿಣದ ಒಲೆ. ಅವತ್ತು ಸೌದೆ ಸ್ವಲ್ಪ ಹಸಿ ಇತ್ತು. ಬೇಗ ಹತ್ತಿಕೊಳ್ಳಲಿ ಅಂತ ಒಲೆಯ ಕೆಳಗಿನ ಬೂದಿ ಬಾಗಿಲನ್ನು ತುಸು ತೆರೆದಿಟ್ಟೆ. ಅಷ್ಟರಲ್ಲಿ ಫೋನ್ ಬಂತು, ಆಚೆ ಹೋದೆ. 20 ನಿಮಿಷ ಬಿಟ್ಟು ಬಂದು ನೋಡಿದರೆ ಹೊಗೆ ಕೊಳವೆಯ ಬುಡ ಮಂದ ಕೆಂಪಾಗಿ ಹೊಳೆಯುತ್ತಿದೆ! ಕಬ್ಬಿಣ ಕತ್ತಲಲ್ಲಿ ಕೆಂಪಗೆ ಕಾಣಬೇಕಾದರೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಬೂದಿ ಬಾಗಿಲು ತೆರೆದರೆ ಗಾಳಿ ಕೆಂಡದ ಅಡಿಯಿಂದಲೇ ನುಗ್ಗುತ್ತದೆ, ಕಮ್ಮಾರ ತಿದಿ ಊದಿದ ಹಾಗೆ. ಉರಿ ಹತ್ತಿಸಲು ಅದನ್ನು ಬಳಸಬಾರದು ಅಂತ ಒಲೆಯ ಕೈಪಿಡಿಯಲ್ಲೇ ಬರೆದಿತ್ತು. ಓದಿದ್ದು ಆಮೇಲೆ.

ಎಲ್ಲ ಗಾಳಿ ಕಿಂಡಿಗಳನ್ನೂ ಮುಚ್ಚಿದೆ. ನೀರು ಸುರಿಯುವ ಬುದ್ಧಿ ಬರಲಿಲ್ಲ, ಪುಣ್ಯ. ಕಾದ ಎರಕದ ಕಬ್ಬಿಣಕ್ಕೆ ನೀರು ಬಿದ್ದರೆ ಸೀಳಿ ಹೋಗುತ್ತದೆ, ಒಂದು ಲೀಟರ್ ನೀರು ಸಾವಿರಾರು ಲೀಟರ್ ಆವಿಯಾಗಿ ಮುಖಕ್ಕೇ ಎರಚುತ್ತದೆ. ಚಿಮಣಿಯೊಳಗಿಂದ 'ಗುಂಯ್' ಅಂತ ರೈಲು ಹಾದು ಹೋಗುವಂಥ ಸದ್ದು ಬರುತ್ತಿತ್ತು. ಗಾಳಿ ಜೋರಾಗಿದೆ ಅಂದುಕೊಂಡೆ. ಹೊತ್ತಿ ಉರಿಯುತ್ತಿದ್ದದ್ದು ಚಿಮಣಿ! ಮನೆಯವರನ್ನೆಲ್ಲ ಹೊರಗೆ ಕಳಿಸಿ ಅಗ್ನಿಶಾಮಕದವರಿಗೆ ಫೋನ್ ಮಾಡಬೇಕಿದ್ದ ಹೊತ್ತಲ್ಲಿ ನಾನು ಒಲೆ ಮುಂದೆ ಕೈಕಟ್ಟಿ ನಿಂತಿದ್ದೆ.

ಮರುದಿನ ತಣ್ಣಗಾದ ಒಲೆಯನ್ನು ಒರೆಸಿದೆ. ಗಾಜು ಒಡೆದಿಲ್ಲ, ಬಾಗಿಲು ಮುಚ್ಚುತ್ತದೆ. ಮೇಲಿನ ಕಪ್ಪು ಬಣ್ಣ ಒಂದು ಕಡೆ ಬೂದು ಬಿಳುಪಾಗಿತ್ತು, ಅಷ್ಟೇ. ಸಂಜೆ ಮತ್ತೆ ಹಚ್ಚಿದೆ. ಈ ಬರಹ ಬರೆಯುತ್ತಿರುವುದೇ ಆ ಸಂಜೆಯಿಂದಾಗಿ.

ಎರಡು ದಿನ ಎಲ್ಲರಿಗೂ ತಲೆನೋವು. ನೆಗಡಿ ಬರುವ ಹಾಗಿದೆ ಅಂದುಕೊಂಡೆವು. ಮನೆಯಿಂದ ಹೊರಗೆ ಹೋದರೆ ನೋವು ಇಳಿಯುತ್ತಿತ್ತು ಅನ್ನುವುದು ಆಗ ಹೊಳೆಯಲೇ ಇಲ್ಲ. ಸೌದೆ ಉರಿಯುವಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೋನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೂರನೆಯ ದಿನ ಮಹಡಿಯಲ್ಲಿ ಡಾಂಬರು ಸುಟ್ಟಂಥ ನಾತ ಬಂದ ಮೇಲೆ ಒಲೆ ಆರಿಸಿ, ಚಿಮಣಿ ಕೆಲಸ ಗೊತ್ತಿದ್ದವರನ್ನು ಕರೆಸಿದೆ.

ಬಂದವರು ಮೊದಲು ನನ್ನ ಕೈಗೆ ಒಂದು ಕಾಗದದ ಪಟ್ಟಿ ಕೊಟ್ಟರು. ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಬಿಗಿದು ಎಳೆದೆ, ಬಿಗಿಯಾಗಿ ಸಿಕ್ಕಿಕೊಳ್ಳಬೇಕಾದದ್ದು ಸಲೀಸಾಗಿ ಬಂತು. ಬಾಗಿಲ ಸುತ್ತ ಹಗ್ಗದ ಹಾಗಿರುವ ಗ್ಯಾಸ್ಕೆಟ್ ಬೆಂದು ಗಟ್ಟಿಯಾಗಿ, ಒತ್ತಿದರೆ ಪುಡಿಯಾಗುತ್ತಿತ್ತು. ಆಮೇಲೆ ಕೋಣೆ ಕತ್ತಲು ಮಾಡಿ ತಣ್ಣಗಿನ ಒಲೆಯೊಳಗೆ ಟಾರ್ಚ್ ಹೊತ್ತಿಸಿಟ್ಟರು. ಹಿಂಬದಿಯ ಜೋಡಣೆಯಲ್ಲಿ ಕೂದಲೆಳೆಯಷ್ಟು ಬೆಳಕಿನ ಗೆರೆ! ಮೂರು ದಿನ ನಾವು ಉಸಿರಾಡಿದ್ದು ಆ ಗೆರೆಯಿಂದ ಬಂದದ್ದನ್ನು. ಬೆರಳ ಗಂಟಿನಿಂದ ಒಲೆಯ ಪಕ್ಕಗಳನ್ನೂ ತಟ್ಟಿ ನೋಡಿದರು. ಬಿರುಕಿಲ್ಲದ ಎರಕ ಖಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ಮಂಕಾಗಿ ಸದ್ದು ಮಾಡುತ್ತದೆ. ಉರಿಯ ನೆತ್ತಿಯ ಮೇಲೆ ಅಡ್ಡ ಇರುವ ಬ್ಯಾಫಲ್ ತಗಡು ನಡುವೆ ಜೋತು ಬಿದ್ದಿತ್ತು. ಒಳಗಿನ ಇಟ್ಟಿಗೆಗಳಲ್ಲಿ ಗೆರೆಯಂಥ ಬಿರುಕಿದ್ದರೆ ಗಾಬರಿ ಬೇಡವಂತೆ. ತುಂಡು ಉದುರಿದ್ದರೆ, ಇಟ್ಟಿಗೆ ಅಲುಗಾಡಿದರೆ ಬದಲಿಸಲೇಬೇಕು.

ಇಷ್ಟೆಲ್ಲ ಕೈಗೆಟುಕುವ ಜಾಗದ ಮಾತು. ನನಗೆ ನಡುಕ ಬಂದದ್ದು ಮೇಲೆ ನೋಡಿದಾಗ.

ಹೊಗೆ ಕೊಳವೆಯ ಎರಡು ತುಂಡು ಸೇರುವಲ್ಲಿ ಸ್ಕ್ರೂಗಳು ಸಡಿಲವಾಗಿ ಸಂದಿ ಬಿಟ್ಟಿತ್ತು. ಚಿಮಣಿಯೊಳಗೆ ಕ್ಯಾಮೆರಾ ಇಳಿಸಿದರು. ಹಸಿ ಸೌದೆ ಮಂದ ಉರಿಯಲ್ಲಿ ಉರಿದಾಗ ಹೊಗೆ ತಣಿದು ಗೋಡೆಗೆ ಅಂಟುವ ಜಿಡ್ಡಿಗೆ ಕ್ರಿಯೊಸೋಟ್ ಅನ್ನುತ್ತಾರೆ. ಹೊತ್ತಿಕೊಂಡರೆ 1,000 ಡಿಗ್ರಿಗೂ ಏರಬಲ್ಲದು. ಉರಿದುಹೋದ ಕಡೆ ಅದು ಜೇನುಗೂಡಿನ ಹಾಗೆ ಹಗುರವಾಗಿ ಉಬ್ಬಿ ನಿಂತಿತ್ತು. ಅದರ ಚಕ್ಕೆಗಳು ಚಾವಣಿಯ ಮೇಲೂ ಬಿದ್ದಿದ್ದವು, ಮೂರು ದಿನದಿಂದ. ತಲೆಯೆತ್ತಿ ನೋಡಿದವರು ಯಾರು? ಒಳಗಿನ ಮಣ್ಣಿನ ಕೊಳವೆ ಎರಡು ಕಡೆ ಉದ್ದಕ್ಕೆ ಸೀಳಿತ್ತು. ಸೀಳಿನ ಎದುರಿಗಿದ್ದ ಮರದ ತೊಲೆಯ ಒಂದು ಬದಿ ಇದ್ದಿಲಿನ ಹಾಗೆ ಕಪ್ಪು. ಮತ್ತೆ ಮತ್ತೆ ಕಾದು ಇದ್ದಿಲಾದ ಮರ, ಹೊಸ ಮರಕ್ಕಿಂತ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. "ಇನ್ನೊಂದು ವಾರ ಉರಿಸಿದ್ದರೆ ನನ್ನನ್ನು ಕರೆಯೋ ಕೆಲಸ ಇರ್ತಿರಲಿಲ್ಲ ಬಿಡಿ" ಅಂದರು. ತಮಾಷೆಯೋ ಬೈಗುಳವೋ, ಕೇಳಲಿಲ್ಲ.

ನಿಮ್ಮ ಒಲೆಯೂ ಒಮ್ಮೆ ಹೀಗೆ ಕಾದಿದ್ದರೆ, ಪೂರ್ತಿ ತಣಿದ ಮೇಲೆ ಕಾಗದ, ಟಾರ್ಚ್, ತಟ್ಟುವುದು ಇಷ್ಟನ್ನು ನೀವೇ ಮಾಡಬಹುದು, ಕಾಲು ಗಂಟೆ ಸಾಕು. ಆದರೆ ಅವುಗಳಲ್ಲಿ ಒಲೆ ಪಾಸಾಯಿತು ಅಂತ ಹಚ್ಚಬೇಡಿ. ಚಿಮಣಿಯ ಒಳಗನ್ನು ಕ್ಯಾಮೆರಾ ಇಟ್ಟು ನೋಡಿದವರು ಸರಿ ಅನ್ನುವ ತನಕ ಬೆಂಕಿಪೊಟ್ಟಣ ಮುಟ್ಟಬೇಡಿ. ಮೋನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಇವತ್ತೇ ತನ್ನಿ, ನಮ್ಮ ಮನೆಯಲ್ಲಿ ಇರಲಿಲ್ಲ.

ಈಗ ಚಿಮಣಿಯೊಳಗೆ ಸ್ಟೀಲ್ ಕೊಳವೆ ಇಳಿಸುವ ಕೆಲಸ ನಡೆದಿದೆ, ಸುಟ್ಟ ತೊಲೆಯನ್ನು ತೆಗೆಸಿದ್ದಾಯಿತು. ಸೌದೆ ಬಿಸಿಲಲ್ಲಿ ಒಣಗುತ್ತಿದೆ, ತೇವ 20 ಶೇಕಡಕ್ಕಿಂತ ಕೆಳಗಿಳಿಯುವವರೆಗೆ ಒಳಗೆ ತರುವ ಹಾಗಿಲ್ಲ. ಬೂದಿ ಬಾಗಿಲಿನ ಹಿಡಿಯನ್ನು ಬಿಚ್ಚಿ ಬೀರುವಿನ ಮೇಲಿಟ್ಟಿದ್ದೇನೆ, ಕುರ್ಚಿ ಹಾಕಿ ಹತ್ತದೆ ಸಿಗುವುದಿಲ್ಲ.